ಆಟಗಾರನನ್ನು ಹಿಡಿಯುವ ಗುಂಡಿಗಳು
(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಮುಕ್ಕಾಲು ಜನ ತೋಟದವರು. ಹಾಗಾಗಿ ಗುಂಡಿಯಿಂದಲೇ ಶುರು ಮಾಡುತ್ತೇನೆ. ಇಳಿಜಾರಿನಲ್ಲಿ ಮಳೆನೀರು ಹಿಡಿಯಲು ನಾವು ತೊಟ್ಟಿಲು ಗುಂಡಿ ತೆಗೆಸುತ್ತೇವೆ. ಗಾಲ್ಫ್ ಕೋರ್ಸ್ ಕಟ್ಟುವವರು ಆಟಗಾರನನ್ನು ಹಿಡಿಯಲು ಗುಂಡಿ ತೆಗೆಸುತ್ತಾರೆ. ಅದಕ್ಕೆ ಮರಳು ತುಂಬಿ ಬಂಕರ್ ಅನ್ನುತ್ತಾರೆ.

ಮೊದಮೊದಲ ಬಂಕರ್‌ಗಳನ್ನು ಯಾರೂ ತೋಡಿಸಲಿಲ್ಲ. ಸ್ಕಾಟ್ಲೆಂಡಿನ ಕಡಲ ದಂಡೆಯ ಮರಳು ನೆಲದಲ್ಲಿ ಗಾಳಿ ಜೋರು. ಗಾಳಿಗೆ ಹೆದರಿದ ಕುರಿಗಳು ತಗ್ಗಿನಲ್ಲಿ ಮಲಗಿ ಮಲಗಿ ನೆಲ ಸವೆಯಿತು ಅನ್ನುತ್ತಾರೆ. ಅಲ್ಲಿನ ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಈಗ 112 ಬಂಕರ್‌ಗಳಿವೆ. ಹೋಲ್ ಅಂದರೆ ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಿಸುವ ಕುಳಿಯವರೆಗಿನ ಒಂದು ಹಂತ; ಆ ಕುಳಿಗೂ ಹೋಲ್ ಅಂತಲೇ ಹೆಸರು. 1764ರಲ್ಲಿ 22 ಹೋಲ್‌ಗಳನ್ನು 18ಕ್ಕೆ ಇಳಿಸಿದ್ದೂ ಅಲ್ಲೇ. ಕುಳಿಯ ಸುತ್ತ ನುಣ್ಣಗೆ ಹುಲ್ಲು ಕತ್ತರಿಸಿದ ಜಾಗವೇ ಗ್ರೀನ್. ಅಲ್ಲಿ ಏಳು ಗ್ರೀನ್‌ಗಳಿಗೆ ಎರಡೆರಡು ಹೋಲ್. ಹೋಗುವಾಗ ಒಂದು, ಬರುವಾಗ ಇನ್ನೊಂದು. ಎರಡರ ಜೊತೆ ಹದಿನಾರು, ಮೂರರ ಜೊತೆ ಹದಿನೈದು. ಯಾವ ಜೋಡಿ ಕೂಡಿಸಿದರೂ 18 ಬರುತ್ತದೆ! 2000ದ ಓಪನ್ ಟೂರ್ನಿಯಲ್ಲಿ ಟೈಗರ್ ವುಡ್ಸ್ ಇದೇ ಕೋರ್ಸ್‌ನಲ್ಲಿ ನಾಲ್ಕು ದಿನ ಆಡಿ ಒಂದು ಸಲವೂ ಬಂಕರ್‌ಗೆ ಬೀಳಲಿಲ್ಲ. ಎರಡನೆಯವರಿಗಿಂತ ಎಂಟು ಹೊಡೆತ ಕಡಿಮೆಯಲ್ಲಿ ಮುಗಿಸಿ ಗೆದ್ದರು.

ಮೇಜರ್ ಅನ್ನುವ ಅತಿ ದೊಡ್ಡ ಟೂರ್ನಿಗಳು ಗಂಡಸರಲ್ಲಿ ನಾಲ್ಕು. ಓಪನ್, ಯುಎಸ್ ಓಪನ್, ಪಿಜಿಎ ಮೂರೂ ಊರೂರು ತಿರುಗುತ್ತವೆ. ಮಾಸ್ಟರ್ಸ್ ಮಾತ್ರ ಪ್ರತಿ ವರ್ಷ ಅಮೆರಿಕದ ಅಗಸ್ಟಾದಲ್ಲೇ.

ಅಗಸ್ಟಾ ಮೊದಲು ನರ್ಸರಿ, ಗಿಡ ಬೆಳೆಸಿ ಮಾರುತ್ತಿದ್ದ ಜಾಗ. ಅದಕ್ಕೇ ಒಂದೊಂದು ಹೋಲ್‌ಗೂ ಒಂದೊಂದು ಗಿಡದ ಹೆಸರು. ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ಅದನ್ನು ರೂಪಿಸಿದ ಅಲಿಸ್ಟರ್ ಮೆಕೆಂಜಿ ಓದಿದ್ದು ಡಾಕ್ಟರಿಕೆ. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಹೋದಾಗ, ಎದುರಾಳಿಗಳು ನೆಲದಲ್ಲೇ ಬೆರೆತು ಅಡಗುವುದನ್ನು ಕಂಡರು. ಆ ಕಣ್ಕಟ್ಟನ್ನೇ ಕೋರ್ಸ್‌ಗೆ ತಂದರು. 1934ರಲ್ಲಿ ಮೊದಲ ಟೂರ್ನಿ ನಡೆಯುವ ಮೊದಲೇ ಅವರು ತೀರಿಕೊಂಡರು, ಪಾಪ.

ಅಲ್ಲಿನ 12ನೇ ಹೋಲ್ ಬರೀ 155 ಗಜ. ಮುಂದೆ ಒಂದು ಹಳ್ಳ, ಹಿಂದೆ ಮರಗಳು. ಗಾಳಿ ಯಾವ ಕಡೆಯಿಂದ ಬರುತ್ತದೋ ತಿಳಿಯುವುದಿಲ್ಲ. ಇಷ್ಟು ದೂರ ಇವರಿಗೆಲ್ಲ ಸಲೀಸು, ಅಲ್ವಾ? 2016ರಲ್ಲಿ ಮುಂದಿದ್ದ ಜೋರ್ಡನ್ ಸ್ಪೀತ್ ಇಲ್ಲಿ ಎರಡು ಚೆಂಡು ನೀರಿಗೆ ಹಾಕಿ, ಮೂರು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ಗೆ ಏಳು ಹೊಡೆತ ತೆಗೆದುಕೊಂಡರು. 2020ರಲ್ಲಿ ಟೈಗರ್ ವುಡ್ಸ್ ಹತ್ತು ತೆಗೆದುಕೊಂಡರು! ನನ್ನ ಲೆಕ್ಕದಲ್ಲಿ ಒಳ್ಳೆ ಕೋರ್ಸ್‌ಗೆ ಉದ್ದ ಜಾಸ್ತಿ ಬೇಕಿಲ್ಲ. ಹೊಡೆಯುವ ಮುಂಚೆ ತಲೆಯಲ್ಲಿ ಒಂದು ಅನುಮಾನ ಬಿತ್ತಿದರೆ ಸಾಕು.

ಫ್ಲೋರಿಡಾದ ಸಾಗ್ರಾಸ್ ಕೋರ್ಸ್‌ನ ಕಥೆ ಇನ್ನೂ ಚೆನ್ನಾಗಿದೆ. ಅಲ್ಲಿ ಮೇಜರ್ ನಡೆಯುವುದಿಲ್ಲ, ಪ್ಲೇಯರ್ಸ್ ಚಾಂಪಿಯನ್‌ಶಿಪ್ ನಡೆಯುತ್ತದೆ. 17ನೇ ಹೋಲ್ ಹತ್ತಿರ ಒಳ್ಳೆ ಮರಳು ಸಿಕ್ಕಿತು. ಬೇರೆ ಹೋಲ್‌ಗಳಿಗೆಂದು ಬಗೆದು ಬಗೆದು ಅಲ್ಲಿ ದೊಡ್ಡ ಹೊಂಡವಾಯಿತು. ವಿನ್ಯಾಸಕಾರ ಪೀಟ್ ಡೈ ತಲೆ ಕೆರೆದುಕೊಂಡು ನಿಂತಾಗ ಹೆಂಡತಿ ಆಲಿಸ್, ನೀರು ತುಂಬಿಸಿ ಗ್ರೀನನ್ನು ದ್ವೀಪ ಮಾಡಿಬಿಡಿ ಎಂದರಂತೆ. 137 ಗಜದ ಆ ಹೋಲ್ ನೋಡಲೆಂದೇ ಜನ ಹೋಗುತ್ತಾರೆ.

ಇದೇ ಪೀಟ್ ಡೈ ವಿಸ್ಕಾನ್ಸಿನ್‌ನ ಸಪಾಟು ನೆಲದಲ್ಲಿ ಮಣ್ಣು ಸುರಿಸಿ ದಿಬ್ಬ ಎಬ್ಬಿಸಿ ವಿಸ್ಲಿಂಗ್ ಸ್ಟ್ರೇಟ್ಸ್ ಅನ್ನುವ ಕೋರ್ಸ್ ಕಟ್ಟಿದರು. ಬಂಕರ್‌ಗಳು ಸಾವಿರದ ಹತ್ತಿರ. 2010ರ ಪಿಜಿಎ ಕೊನೆಯ ಹೋಲ್‌ನಲ್ಲಿ ಡಸ್ಟಿನ್ ಜಾನ್ಸನ್, ಜನ ತುಳಿದ ಬರೀ ಮಣ್ಣು ಅಂದುಕೊಂಡು ಕ್ಲಬ್ಬನ್ನು, ಅಂದರೆ ಚೆಂಡು ಹೊಡೆಯುವ ಕೋಲನ್ನು, ನೆಲಕ್ಕೆ ಊರಿದರು. ಅದು ಬಂಕರ್! ಬಂಕರ್‌ನಲ್ಲಿ ಹೊಡೆಯುವ ಮುಂಚೆ ಹಾಗೆ ಊರುವಂತಿಲ್ಲ. ಎರಡು ಹೊಡೆತ ದಂಡ ಬಿತ್ತು, ಸಮ ಬಂದವರ ನಡುವೆ ನಡೆಯುವ ಪ್ಲೇಆಫ್ ಕೈತಪ್ಪಿತು. ಅದೇ ಕೋರ್ಸ್‌ನಲ್ಲಿ 2015ರಲ್ಲಿ ನಮ್ಮ ಅನಿರ್ಬಾನ್ ಲಾಹಿರಿ ಜಂಟಿ ಐದನೆಯವರಾದರು. ಅಲ್ಲಿವರೆಗೆ ಭಾರತದ ಯಾವ ಗಂಡಸೂ ಮೇಜರ್‌ನಲ್ಲಿ ಅಷ್ಟು ಮೇಲೆ ಬಂದಿರಲಿಲ್ಲ.