ಹಲ್ಮಿಡಿ: ಹೆಸರಿನೊಳಗಿನ ಹಳೆಯ ‘ಪ’

ಹಾಸನ ಜಿಲ್ಲೆ, ಬೇಲೂರು ತಾಲ್ಲೂಕು. ಬೋರ್ಡಿನ ಮೇಲೆ ಮೂರೇ ಅಕ್ಷರ: ಹಲ್ಮಿಡಿ. ಶಾಲೆಯಲ್ಲಿ ‘ಕನ್ನಡದ ಮೊಟ್ಟಮೊದಲ ಶಾಸನ ಯಾವುದು?’ ಅನ್ನೋ ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಬರೆದ ಹೆಸರು. ಆದರೆ ಹಲ್ಮಿಡಿ ಅಂದರೇನು?

ಹಾಲು, ಮಾವಿನ ಮಿಡಿ ಅಂತ ಕಥೆ ಕಟ್ಟೋಕೆ ಮುಂಚೆ ಆ ಶಾಸನದ ಕಲ್ಲು ಓದೋಣ. ಊರಲ್ಲಿ ಈಗ ಕಾಣ್ತಿರೋದು ಫೈಬರ್ ಪ್ರತಿಕೃತಿ, ಮೂಲ ಕಲ್ಲಲ್ಲ. ಮೂಲ ಇರೋದು ಮೈಸೂರಿನ ಪುರಾತತ್ವ ಇಲಾಖೆಯಲ್ಲಿ. ಇಲ್ಲಿನ ವೀರಭದ್ರ ಗುಡಿಯ ಮುಂದಿದ್ದ ಅದನ್ನು 1936ರಲ್ಲಿ ಬೆಳಕಿಗೆ ತಂದವರು ಮೈಸೂರು ಪುರಾತತ್ವ ಇಲಾಖೆಯ ಎಂ. ಎಚ್. ಕೃಷ್ಣ.

ಒಟ್ಟು 16 ಸಾಲು. ಮೊದಲಿಗೇ ಕನ್ನಡ ಹುಡುಕಿದರೆ ಎಡವುತ್ತೀರಿ, ಯಾಕಂದ್ರೆ ‘ಜಯತಿ’ ಅಂತ ಶುರುವಾಗೋದು ಸಂಸ್ಕೃತದ ವಿಷ್ಣುಸ್ತುತಿ. ಆಮೇಲೂ ಸಮಾಸಗಳದ್ದೇ ಕಾರುಬಾರು. ಪದಗಳ ನಡುವೆ ಜಾಗವೂ ಇಲ್ಲ, ನಾವೇ ಬಿಡಿಸಿಕೊಳ್ಳಬೇಕು. ಕದಂಬ ದೊರೆ ಕಕುಸ್ಥಭಟ್ಟೋರನ ಕಾಲದಲ್ಲಿ ಕೇಕಯ-ಪಲ್ಲವರ ಎದುರು ಕಾದಾಡಿ ಗೆದ್ದವನು ವಿಜ ಅರಸ. ಅವನಿಗೆ ಸಿಕ್ಕಿದ್ದು ‘ಬಾಳ್ಗಳ್ಚು’. ಬಾಳ್ ಅಂದ್ರೆ ಕತ್ತಿ, ಕಳ್ಚು ಅಂದ್ರೆ ತೊಳೆ. ಕತ್ತಿಯ ನೆತ್ತರು ತೊಳೆದು ಕೊಡುವ ಉಂಬಳಿ.

ಏನು ಕೊಟ್ಟರು? ಕಲ್ಲಿನ ಮಾತೇ ಕೇಳಿ: ‘ಪಲ್ಮಡಿಉಂ ಮೂೞಿವಳ್ಳಿಉಂ ಕೊಟ್ಟಾರ್’. ‘ಉಂ’ ಅನ್ನೋದು ನಮ್ಮ ಈಗಿನ ‘ಊ’. ಪಲ್ಮಡಿಯೂ ಮೂಳಿವಳ್ಳಿಯೂ, ಎರಡು ಊರು.

ಆ ಪಲ್ಮಡಿಯೇ ಈ ಹಲ್ಮಿಡಿ. ಸುಮಾರು 10ನೇ ಶತಮಾನದಿಂದ ಕನ್ನಡದಲ್ಲಿ ಪದದ ಮೊದಲ ‘ಪ’ ಸಡಿಲವಾಗಿ ‘ಹ’ ಆಗ್ತಾ ಬಂತು. ಪುಲಿ ಹುಲಿಯಾಯ್ತು, ಪೂ ಹೂವಾಯ್ತು, ಪಳ್ಳಿ ಹಳ್ಳಿಯಾಯ್ತು. ಊರ ಹೆಸರೂ ಅದೇ ದಾರಿ ಹಿಡೀತು. ಪಕ್ಕದ ಮೂೞಿವಳ್ಳಿಯಲ್ಲಿ ಅದೇ ‘ಪಳ್ಳಿ’ ಸಮಾಸದ ನಡುವೆ ಸಿಕ್ಕಿದ್ದರಿಂದ ‘ವಳ್ಳಿ’. ಒಂದೇ ಅಕ್ಷರ, ನಿಂತ ಜಾಗದಿಂದ ಎರಡು ಗತಿ!

ಕಲ್ಲಿನಲ್ಲಿರೋದು ‘ಮಡಿ’, ‘ಮಿಡಿ’ ಅಲ್ಲ. ಹಾಗಾಗಿ ಮಾವಿನ ಮಿಡಿಯ ಕಥೆ ಅಲ್ಲೇ ಬಿತ್ತು. ಸಸಿಮಡಿಯ ‘ಮಡಿ’ ಹಿಡಿದು ‘ಹಲವು ಮಡಿಗಳ ಊರು’ ಅನ್ನೋಕೆ ಆಸೆಯೇನೋ ಆಗುತ್ತೆ. ಆದರೆ ಅರ್ಥವನ್ನು ಶಾಸನ ಬಿಡಿಸಿ ಹೇಳಿಲ್ಲ, ನಾವು ಅದರ ಬಾಯಿಗೆ ತುರುಕೋದೂ ಬೇಡ.

ಇನ್ನು ಈ ಶಾಸನಕ್ಕೆ ಹೇಳುವ ಕಾಲ, ‘ಕ್ರಿ.ಶ. 450’. ಕಲ್ಲಿನ ಮೇಲೆ ಇಸವಿಯೇ ಇಲ್ಲ. ಲಿಪಿಯ ರೂಪ, ದೊರೆಯ ಹೆಸರು ನೋಡಿ ಹಾಕಿದ ಅಂದಾಜು ಅದು. ಇನ್ನೂ ಈಚಿನದು ಅನ್ನುವ ವಿದ್ವಾಂಸರೂ ಇದ್ದಾರೆ. ತಾಳಗುಂದದ ಸಿಂಹಕಟಾಂಜನ (ಸಿಂಹದ ಕೆತ್ತನೆಯ ಕಟಕಟೆ) ಶಾಸನ ಇದಕ್ಕಿಂತ ಹಳೆಯದು ಅನ್ನುವ ವಾದ ಬೇರೆ. ‘ಮೊಟ್ಟಮೊದಲ’ ಅನ್ನುವಾಗ ಸ್ವಲ್ಪ ತಡೆದು ಹೇಳಿ.

ಹೊರಡುವ ಮುನ್ನ ಕಲ್ಲಿನ ಪಕ್ಕದ ಮಗ್ಗುಲಿಗೆ ಬನ್ನಿ. ಕೊನೆಯ ಸಾಲು ಅಲ್ಲಿ ಉದ್ದಕ್ಕೆ ಕೊರೆದಿದೆ, ಎದುರು ನಿಂತು ಫೋಟೊ ತೆಗೆದರೆ ತಪ್ಪಿಹೋಗುತ್ತೆ. ಭಟ್ಟರಿಗೆ ಹತ್ತರಲ್ಲೊಂದು ಪಾಲು ಕರವಿಲ್ಲದೆ ಬಿಟ್ಟ ಲೆಕ್ಕ ಅದರಲ್ಲಿದೆ.