ಅಲಂಕಾರದ ಆಟಿಕೆ ವಿಮಾನಗಳು ಯುದ್ಧದಾಟದ ಮೇಜಿಗೆ

ನಮಸ್ಕಾರ. ಇಲ್ಲಿ ಕಾಣುತ್ತಿರುವ ಮೂರು ಲೋಹದ ವಿಮಾನಗಳು ಷೋಕೇಸಿನಲ್ಲಿ ಇಡಲೆಂದು ತಯಾರಾದ ಅಗ್ಗದ ಆಟಿಕೆಗಳು: ಸ್ಪಿಟ್‌ಫೈರ್, ಹರಿಕೇನ್ ಮತ್ತು ಜರ್ಮನಿಯ ಮೆಸ್ಸರ್‌ಸ್ಮಿಟ್ 109. ಬ್ರಿಟನ್ನಿನ ಆಕಾಶದಲ್ಲಿ 1940ರಲ್ಲಿ ನಡೆದ ವಾಯುಸಮರವನ್ನು ಮೇಜಿನ ಮೇಲೆ ಆಡಲು ಇವುಗಳನ್ನು ಸಜ್ಜುಗೊಳಿಸುವ ಬಗೆಯನ್ನು ಇಂದು ತೋರಿಸುತ್ತೇನೆ.

ಬಣ್ಣಕ್ಕಿಂತ ಮೊದಲು ಅಳತೆಯನ್ನು ನೋಡಬೇಕು. ಇಂಥ ಆಟಿಕೆಗಳನ್ನು ಸಾಮಾನ್ಯವಾಗಿ ಪೆಟ್ಟಿಗೆಗೆ ಹೊಂದುವಂತೆ ಎರಕ ಹೊಯ್ದಿರುತ್ತಾರೆಯೇ ಹೊರತು ಒಂದೇ ಅನುಪಾತಕ್ಕೆ ಅಲ್ಲ. ನಿಜವಾದ ಹರಿಕೇನಿನ ರೆಕ್ಕೆಗಳ ಹರವು 12.19 ಮೀಟರ್, ಸ್ಪಿಟ್‌ಫೈರಿನದು 11.23, ಮೆಸ್ಸರ್‌ಸ್ಮಿಟ್ 109ರ 'ಇ' ಮಾದರಿಯದು 9.87 ಮೀಟರ್ ಮಾತ್ರ. ಅಂದರೆ 1:144ರ ಅನುಪಾತದಲ್ಲಿ ಅವು ಕ್ರಮವಾಗಿ ಸುಮಾರು 8.5, 7.8 ಮತ್ತು 6.9 ಸೆಂಟಿಮೀಟರ್ ಇರಬೇಕು. ಮೂರೂ ಒಂದೇ ಅಗಲವಿದ್ದರೆ ಪುಟ್ಟ ಮೆಸ್ಸರ್‌ಸ್ಮಿಟ್ ಹರಿಕೇನಿನಷ್ಟೇ ದೊಡ್ಡದಾಗಿ ಕಂಡು, ಆ ಕಾಳಗದ ಚಿತ್ರವೇ ಬದಲಾಗಿಬಿಡುತ್ತದೆ. ರೆಕ್ಕೆಯ ತುದಿಯನ್ನು ಅರದಿಂದ ಉಜ್ಜಿ ಚಿಕ್ಕದು ಮಾಡಬಹುದಲ್ಲ ಎನ್ನಿಸಬಹುದು. ಆದರೆ ಕೈಯಳತೆಯ ದೂರದಿಂದ ವಿಮಾನವನ್ನು ಗುರುತಿಸುವುದು ಅದರ ಹೊರಗೆರೆಯಿಂದಲೇ ಆದ್ದರಿಂದ, ಅದನ್ನು ಕೆಡಿಸುವುದಕ್ಕಿಂತ ಸರಿಯಾದ ಅಳತೆಯ ಬೇರೊಂದು ಆಟಿಕೆಯನ್ನು ಹುಡುಕುವುದೇ ಮೇಲು. ಈ ಮೂರನ್ನೂ ನಾನು ಹಾಗೆಯೇ ಅಳೆದು ಆರಿಸಿದ್ದೇನೆ.

ಎರಕದ ಅಂಚುಗೆರೆಗಳನ್ನು ಅರದಿಂದ ತೆಗೆದು, ಸಾಬೂನಿನಿಂದ ತೊಳೆದು, ಬಣ್ಣ ಹಿಡಿಯಲು ನೆರವಾಗುವ ಮೊದಲ ಲೇಪವಾದ ಪ್ರೈಮರ್ ಬಳಿಯಬೇಕು. ಹಳೆಯ ಆಟಿಕೆಯ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಅದನ್ನು ಒಣಗಿದ್ದಾಗ ಉಜ್ಜಬೇಡಿ. ದಪ್ಪನೆಯ ಪ್ರೊಪೆಲ್ಲರ್ ಅಲಗುಗಳನ್ನು ಕತ್ತರಿಸಿ, ಆ ಜಾಗದಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ತೆಳು ಬಿಲ್ಲೆಯನ್ನು ಅಂಟಿಸಿದರೆ ಎಂಜಿನ್ ಓಡುತ್ತಿರುವಂತೆ ಕಾಣುತ್ತದೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಬದಲಾವಣೆ ಇದು.

ಬಣ್ಣದಲ್ಲಿ ಕಾಲಕ್ಕೆ ನಿಷ್ಠರಾಗಿರೋಣ. ಆಟಿಕೆ ಸ್ಪಿಟ್‌ಫೈರುಗಳ ಮೇಲೆ ಕೆಲವೊಮ್ಮೆ ಕಾಣುವ ಕಪ್ಪು-ಬಿಳಿ ಪಟ್ಟೆಗಳು 1944ರ ಜೂನ್‌ನ ನಾರ್ಮಂಡಿ ದಾಳಿಗೆ ಸೇರಿದವು. 1940ರ ಆಟದಲ್ಲಿ ಅವು ಮರೆಯಾಗಬೇಕು. ಬ್ರಿಟನ್ನಿನ ಎರಡು ವಿಮಾನಗಳ, ಅಂದರೆ ಸ್ಪಿಟ್‌ಫೈರ್ ಮತ್ತು ಹರಿಕೇನಿನ, ಮೇಲ್ಭಾಗಕ್ಕೆ ಕಡುಹಸಿರು ಮತ್ತು ಮಣ್ಣಿನ ಕಂದು, ಕೆಳಭಾಗಕ್ಕೆ ಆ ವರ್ಷದ ಜೂನ್‌ನಲ್ಲಿ ಜಾರಿಗೆ ಬಂದ, ತಿಳಿಹಸಿರು ಛಾಯೆಯ 'ಸ್ಕೈ' ಬಣ್ಣ ಸಾಕು. ಚಿಕ್ಕ ಮಾದರಿಯ ಮೇಲೆ ಮೂಲ ಬಣ್ಣ ಇನ್ನಷ್ಟು ಕಪ್ಪಾಗಿ ತೋರುವುದರಿಂದ ಅದಕ್ಕೆ ತುಸು ಬಿಳಿ ಬೆರೆಸುತ್ತೇನೆ.

ಇನ್ನು ವಿಮಾನವನ್ನು ಮೇಜಿನ ಮೇಲೆ ಎತ್ತಿ ಹಿಡಿಯುವ ನಿಲುಗಂಬದ ವಿಷಯ. ಈ ಆಟಿಕೆಗಳ ಸತುವಿನ ಮಿಶ್ರಲೋಹ, ಮಾದರಿಗಳಿಗೆ ಬಳಸುವ ಪ್ಲಾಸ್ಟಿಕ್ಕಿಗಿಂತ ಸುಮಾರು ಆರು ಪಟ್ಟು ಸಾಂದ್ರವಾಗಿದೆ. ಆದ್ದರಿಂದ ವಿಮಾನವನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿಟ್ಟು, ಅದು ಸಮತೋಲನಕ್ಕೆ ಬರುವ ಜಾಗದಲ್ಲೇ ರಂಧ್ರ ಕೊರೆಯಬೇಕು. ಸತುವಿಗೆ ಅಯಸ್ಕಾಂತ ಹಿಡಿಯುವುದಿಲ್ಲವಾದ್ದರಿಂದ ಆ ರಂಧ್ರದಲ್ಲಿ ಪುಟ್ಟ ಅಯಸ್ಕಾಂತವೊಂದನ್ನು ಎಪಾಕ್ಸಿ ಎಂಬ ಗಟ್ಟಿ ಅಂಟಿನಿಂದ ಕೂರಿಸಿ, ಕಂಬದ ತುದಿಗೆ ಉಕ್ಕಿನ ಗುಂಡನ್ನು ಅಂಟಿಸಿದರೆ, ತಿರುವು ತೆಗೆದುಕೊಳ್ಳುವಾಗ ವಿಮಾನವನ್ನು ವಾಲಿಸಿಯೂ ನಿಲ್ಲಿಸಬಹುದು. ಕೊನೆಗೆ, ಪೀಠದ ಅಂಚಿನಲ್ಲಿ ವಿಮಾನದ ಮೂಗಿನ ನೇರಕ್ಕೆ ಬಿಳಿ ಗೆರೆಯೊಂದನ್ನು ಎಳೆಯಿರಿ. ಗುಂಡು ಹಾರಿಸುವ ಕೋನವನ್ನು ಅಳೆಯುವುದು ಆ ಗೆರೆಯಿಂದಲೇ.