ಒಡೆದ ಕಿಟಕಿ ತಾನೇ ಕೂಡಿಕೊಂಡಿದ್ದು ಹೇಗೆ?

[ದೃಶ್ಯ: ಕ್ಯಾತ್ಸಂದ್ರದ ಹೋಟೆಲ್. ಮೇಜಿನ ಮೇಲೆ ಬಿಸಿ ತಟ್ಟೆ ಇಡ್ಲಿ]

ನಮಸ್ಕಾರ, ತುಮಕೂರಿನ ನಮ್ಮ ಚಾನೆಲ್‌ಗೆ ಸ್ವಾಗತ. 2002ರ ಸ್ಪೈಡರ್‌ಮ್ಯಾನ್‌ನಲ್ಲಿ ಮಳೆಯ ಫೈಟ್ ನೆನಪಿದೆಯಾ? ಮೇರಿ ಜೇನ್‌ಳನ್ನು ಸುತ್ತುವರಿದ ನಾಲ್ವರು ಪುಂಡರಿಗೆ ಹೀರೋ ಸರಿಯಾಗಿ ಬಾರಿಸುತ್ತಾನೆ. ಇಬ್ಬರನ್ನು ಎತ್ತಿ ಹಿಂದಿನ ಎರಡು ಕಿಟಕಿಗೆ ಎಸೆಯುತ್ತಾನೆ. ಗಾಜು ಪುಡಿಪುಡಿ. ಕ್ಯಾಮೆರಾ ಆಚೆ ತಿರುಗಿ ಮತ್ತೆ ಈಚೆ ಬರುವಷ್ಟರಲ್ಲಿ ಎರಡೂ ಕಿಟಕಿ ಹೊಸದರ ಹಾಗೆ ನಿಂತಿವೆ!

ಇಷ್ಟು ದೊಡ್ಡ ಸಿನಿಮಾದಲ್ಲಿ ಯಾರೂ ನೋಡಲಿಲ್ವಾ? ನೋಡಿರುತ್ತಾರೆ. ವಿಷಯ ಬೇರೆ ಇದೆ.

[ಕ್ಲೋಸಪ್: ಇಡ್ಲಿ ಮೇಲೆ ಬೆಣ್ಣೆ]

ಈಗ ನಾನು ಡೈಲಾಗ್ ಹೇಳುತ್ತಾ ಒಂದು ತುತ್ತು ತಿನ್ನುತ್ತೇನೆ. ಇದು ವೈಡ್ ಶಾಟ್, ಅಂದರೆ ನಾನು, ಮೇಜು, ತಟ್ಟೆ ಎಲ್ಲ ದೂರದಿಂದ ಕಾಣುವ ಶಾಟ್. ಲೈಟ್ ಬದಲಾಯಿಸಿ ಅದೇ ಡೈಲಾಗ್ ಕ್ಲೋಸಪ್‌ನಲ್ಲಿ ತೆಗೆಯೋಣ. ಅಷ್ಟರಲ್ಲಿ ಬೆಣ್ಣೆ ಕರಗಿತು, ಅರ್ಧ ಇಡ್ಲಿ ಖಾಲಿ. ಕ್ಲೋಸಪ್ ಆದ ಮೇಲೆ ವೈಡ್ ಶಾಟ್ ಜೋಡಿಸಿದರೆ? ಕರಗಿದ ಬೆಣ್ಣೆ ಮತ್ತೆ ಗಟ್ಟಿ, ಇಡ್ಲಿ ಪೂರ್ತಿ.

ಹೀಗಾಗದಿರಲಿ ಅಂತಲೇ ಸೆಟ್‌ನಲ್ಲಿ ಒಬ್ಬರು ಪ್ರತಿ ಶಾಟ್‌ನ ಫೋಟೋ, ನೋಟ್ಸ್ ಇಟ್ಟುಕೊಂಡಿರುತ್ತಾರೆ. ಹಾಲಿವುಡ್‌ನಲ್ಲಿ ಅವರು ಸ್ಕ್ರಿಪ್ಟ್ ಸೂಪರ್‌ವೈಸರ್. ನಮ್ಮಲ್ಲಿ ಈ ಕೆಲಸ ಸಾಮಾನ್ಯವಾಗಿ ಅಸಿಸ್ಟೆಂಟ್ ಡೈರೆಕ್ಟರ್ ತಲೆಗೆ ಬೀಳುತ್ತದೆ, ಪಾಪ. ಒಂದೇ ಶಾಟ್ ಹಲವು ಸಲ ತೆಗೆಯುತ್ತಾರೆ, ಪ್ರತಿ ಸಲಕ್ಕೂ ಟೇಕ್ ಅಂತಾರೆ. ಆದರೂ ಎಡಿಟಿಂಗ್‌ಗೆ ಕೂತಾಗ ಯಾವ ಟೇಕ್‌ನಲ್ಲಿ ಆ್ಯಕ್ಟಿಂಗ್ ಚೆನ್ನಾಗಿದೆಯೋ ಅದೇ ಗೆಲ್ಲುತ್ತದೆ. ಕಿಟಕಿ ಸೋಲುತ್ತದೆ. ನನಗೂ ಅದೇ ಸರಿ ಅನಿಸುತ್ತದೆ.

2012ರ ದಿ ಡಾರ್ಕ್ ನೈಟ್ ರೈಸಸ್‌ನಲ್ಲಂತೂ ಷೇರುಪೇಟೆಯಿಂದ ಕಳ್ಳರು ಬೈಕ್ ಹತ್ತುವಾಗ ಹಗಲು. ಸುರಂಗ ದಾಟುವಷ್ಟರಲ್ಲಿ ಕಗ್ಗತ್ತಲು. ಬ್ಯಾಟ್‌ಮ್ಯಾನ್ ಎಂಟ್ರಿ ಕತ್ತಲಲ್ಲೇ ಚೆಂದ, ಬಿಡಿ.

ನಾನು ಕ್ಷಮಿಸದ ತಪ್ಪು ಒಂದಿದೆ. 2017ರ ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್ ಶುರುವಾಗುವುದು 2012ರ ಅವೆಂಜರ್ಸ್ ಸಿನಿಮಾದ ಯುದ್ಧ ಮುಗಿದಾಗ. ಆಮೇಲೆ ಪರದೆ ಮೇಲೆ ‘8 ವರ್ಷಗಳ ನಂತರ’ ಅಂತ ಬರುತ್ತದೆ. ಅಂದರೆ 2020. ಆದರೆ ಕಥೆ ನಡೆಯುವುದು 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಸಿನಿಮಾದ ಕಥೆ ಆಗಿ ಸ್ವಲ್ಪ ದಿನಕ್ಕೆ! ಅಲ್ಲಿ ಟೇಕೂ ಇಲ್ಲ, ಆ್ಯಕ್ಟಿಂಗೂ ಇಲ್ಲ. ಬೆರಳಲ್ಲಿ ಎಣಿಸಿದ್ದರೆ ಸಾಕಿತ್ತು ಅಲ್ವಾ?

ನೀವೂ ಹಿಡಿಯಬೇಕಾ? ಸಿನಿಮಾವನ್ನು ಎರಡನೇ ಸಲ ನೋಡುವಾಗ ಸೌಂಡ್ ಮ್ಯೂಟ್ ಮಾಡಿ. ಮ್ಯೂಸಿಕ್ ಇಲ್ಲದಿದ್ದರೆ ಶಾಟ್ ಎಲ್ಲಿ ಬದಲಾಯಿತು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಹೀರೋ ಮುಖ ಬಿಡಿ. ಲೋಟದಲ್ಲಿ ನೀರೆಷ್ಟಿದೆ, ಕೂದಲು ಯಾವ ಕಡೆ ಬಿದ್ದಿದೆ, ಹಿಂದಿನ ಗಡಿಯಾರದಲ್ಲಿ ಗಂಟೆ ಎಷ್ಟು, ಗಾಯ ಯಾವ ಕೆನ್ನೆ ಮೇಲಿದೆ, ಅದನ್ನು ನೋಡಿ. ಸಿಕ್ಕಿದ್ದನ್ನು ಕಾಮೆಂಟ್‌ನಲ್ಲಿ ಹಾಕಿ, ನಿಮಿಷ ಸೆಕೆಂಡ್ ಸಮೇತ. ಸುಮ್ನೆ ‘ಎಲ್ಲೋ ಇತ್ತು’ ಅಂದರೆ ಒಪ್ಪಲ್ಲ!